ಸಹಿ ಹಾಕದ ಹೋಲಿಕೆ ಪಟ್ಟಿ

ಹೋಲಿಕೆ ಪಟ್ಟಿ ನನ್ನ ಮೇಜಿಗೆ ಬಂದಾಗಲೇ ಗೆದ್ದವರು ಯಾರು ಅಂತ ಅದರಲ್ಲಿ ತೀರ್ಮಾನವಾಗಿತ್ತು. ಮೂರು ಸಾಫ್ಟ್‌ವೇರ್‌ಗಳಿಗೆ ಮೂರು ಕಾಲಂ, ಎಡಗಡೆ ಹದಿನಾಲ್ಕು ಅಂಶ, ಪ್ರತಿ ಚೌಕದಲ್ಲೂ ಒಂದು ಸರಿ ಅಥವಾ ತಪ್ಪು ಗುರುತು. ಮೊದಲ ಕಾಲಂ ತುಂಬ ಸರಿಗಳು, ಉಳಿದೆರಡರಲ್ಲಿ ತಪ್ಪುಗಳದೇ ಜಾತ್ರೆ. ಎಲ್ಲಕ್ಕಿಂತ ಕೆಳಗೆ ‘ಪರಿಶೀಲಿಸಿ ಹೋಲಿಸಿದವರು’ ಅಂತ ಬರೆದು, ಒಂದು ಗೆರೆ ಎಳೆದು, ನನ್ನ ಸಹಿಗೆ ಜಾಗ ಬಿಟ್ಟಿದ್ದರು. ನಾನು ಪರಿಶೀಲಿಸಿರಲಿಲ್ಲ, ಹೋಲಿಸಿಯೂ ಇರಲಿಲ್ಲ. ಮದುವೆ ಮುಗಿಸಿ ಆಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗಿತ್ತು.

“ಶುಕ್ರವಾರದೊಳಗೆ ಒಂದು ಸಹಿ ಹಾಕ್ಬಿಡಿ ಮೇಡಂ. ಫಾರ್ಮಾಲಿಟಿ ಅಷ್ಟೆ,” ಅಂದರು ನಮ್ಮ ಮ್ಯಾನೇಜರ್. ಶನಿವಾರಸಂತೆ ಕಡೆಯವರು, ಮಾತಿನಲ್ಲಿ ಹಾಸನದ ರಾಗ. ಕೆಟ್ಟವರಲ್ಲ. ಆದರೆ ಮೇಲಿನವರು ಕೇಳಿದ ಕಾಗದ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಸಹಿ ಹಾಕುವುದಕ್ಕೆ ಮೊದಲು ಓದುವುದು ನನ್ನ ಕೆಟ್ಟ ಚಾಳಿ. ಹದಿಮೂರು ಸಾಲುಗಳನ್ನು ಹಲ್ಲು ಕಚ್ಚಿಕೊಂಡು ಓದಿದೆ. ಹದಿನಾಲ್ಕನೆಯದು ಹೀಗಿತ್ತು: ‘ಸಿಬ್ಬಂದಿಯ ಕೈವಾಡ ಪತ್ತೆ ಹಚ್ಚುವ ಸಾಮರ್ಥ್ಯ’. ಮೊದಲ ಕಾಲಂನಲ್ಲಿ ದೊಡ್ಡದೊಂದು ಸರಿ, ಅದರ ಪಕ್ಕದಲ್ಲಿ ‘ಸಾಬೀತಾಗಿದೆ: ಕಕ್ಕಬೆ ಡಿಪೊ’.

ಕಕ್ಕಬೆ ಡಿಪೊ ಅಂದರೆ ಒಬ್ಬರೇ ಒಬ್ಬರು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಇಪ್ಪತ್ತಾರು ವರ್ಷದಿಂದ ಅಲ್ಲಿ ಬೆಳೆಗಾರರ ಚೀಲ ತೂಗುತ್ತಿರುವ ಕೊಡವ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡು, ದೊಡ್ಡ ಎಸ್ಟೇಟಿನ ಸಾಹುಕಾರನನ್ನೂ ಅರ್ಧ ಎಕರೆಯವನನ್ನೂ ಒಂದೇ ದನಿಯಲ್ಲಿ ಗದರಿಸುವವರು. ಅವರು ಕಳ್ಳತನ ಮಾಡಿದ್ದಾರೆ ಎಂಬುದು ಆ ಕಾಗದದಲ್ಲಿ ಒಂದು ಸಾಫ್ಟ್‌ವೇರಿನ ಹೆಚ್ಚುಗಾರಿಕೆಯಾಗಿ ದಾಖಲಾಗಿತ್ತು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮದು ಕಾಫಿ, ಕಾಳುಮೆಣಸು, ಏಲಕ್ಕಿಯನ್ನು ಬೆಳೆಗಾರರಿಂದ ಕೊಂಡು ಹದ ಮಾಡಿ ಕಳಿಸುವ ಕಂಪನಿ. ಕಚೇರಿ ವಿರಾಜಪೇಟೆಯಲ್ಲಿ. ಕಕ್ಕಬೆ, ಶ್ರೀಮಂಗಲ, ಕುಟ್ಟ ಎಲ್ಲ ಸೇರಿ ಹನ್ನೊಂದು ಡಿಪೊಗಳು. ಪ್ರತಿಯೊಂದರಲ್ಲೂ ಒಂದು ತೂಕದ ಯಂತ್ರ, ಅದಕ್ಕೆ ಜೋಡಿಸಿದ ಒಂದು ಕಂಪ್ಯೂಟರ್. ಆ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಗಡಿಯಾರ ಒಂದೇ ಹೊತ್ತು ತೋರಿಸಬೇಕು, ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಾಗಬೇಕು, ಪ್ರಿಂಟರು ಕನ್ನಡ ಅಕ್ಷರ ನುಂಗಬಾರದು. ಹದಿನಾರು ವರ್ಷ ಇದನ್ನೆಲ್ಲ ಕೈಯಾರೆ ಮಾಡಿದೆ. ಕೆಂಪು ರಟ್ಟಿನ ಒಂದು ಪುಸ್ತಕ, ಅದರಲ್ಲಿ ಡಿಪೊಗೊಂದು ಪುಟ, ಯಾವ ಯಂತ್ರಕ್ಕೆ ಯಾವ ಸೆಟ್ಟಿಂಗ್ ಅಂತ. ಆ ಪುಸ್ತಕ ಚೀಲದಲ್ಲಿಟ್ಟುಕೊಂಡು ಕುಟ್ಟದ ಬಸ್ಸಿನ ಡ್ರೈವರನ ಹಿಂದಿನ ಸೀಟಿನಲ್ಲಿ ನಾನು ಕಳೆದ ಗಂಟೆಗಳನ್ನು ಯಾರೂ ಯಾವ ಪಟ್ಟಿಯಲ್ಲೂ ಬರೆದಿಲ್ಲ.

ಹಾಗಾಗಿ ನಾನು ಹೊಸದನ್ನು ಕಂಡರಾಗದವಳು ಅಂತ ಯಾರೂ ತಿಳಿಯಬೇಡಿ. ಈ ಥರದ ಸಾಫ್ಟ್‌ವೇರ್ ಬೇಕು ಅಂತ ಮೂರು ವರ್ಷ ಬಡಿದುಕೊಂಡವಳೇ ನಾನು. ಕೆಲಸ ಸರಳ. ಯಂತ್ರ ಹೇಗಿರಬೇಕು ಅಂತ ಕಚೇರಿಯಲ್ಲಿ ಒಂದು ಕಡೆ ಬರೆದಿಟ್ಟರೆ ಸಾಕು, ಅದು ಎಲ್ಲ ಕಂಪ್ಯೂಟರುಗಳನ್ನೂ ಹಾಗೆಯೇ ಇರಿಸುತ್ತದೆ. ಯಾರಾದರೂ ಕೈಯಾಡಿಸಿದರೆ ಹಿಂದಕ್ಕೆ ತಿರುಗಿಸುತ್ತದೆ, ಕೈಯಾಡಿಸಿದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಕೊನೆಗೂ ಬೆಂಗಳೂರಿನಿಂದ ಒಬ್ಬ ಸಲಹೆಗಾರ ಬಂದರು. ನನ್ನ ಕೆಂಪು ಪುಸ್ತಕ ಕೇಳಿದರು, ಕೊಟ್ಟೆ. ಅದರಲ್ಲಿದ್ದುದನ್ನೆಲ್ಲ ತಮ್ಮ ಮೆಚ್ಚಿನ ಸಾಫ್ಟ್‌ವೇರಿಗೆ ತುಂಬಿ, ಪರೀಕ್ಷೆಗೆ ಅಂತ ಹನ್ನೊಂದು ಡಿಪೊಗಳಲ್ಲೂ ಕೂರಿಸಿದರು. ಅದೇ ಹೊತ್ತಿಗೆ ನನ್ನ ಪಿತ್ತಕೋಶದ ಆಪರೇಷನ್ ಆಯಿತು. ಮೂರು ವಾರ ಮನೆಯಲ್ಲಿ ಗಂಜಿ ಕುಡಿದುಕೊಂಡು ಮಲಗಿದ್ದೆ. ಎದ್ದು ಬಂದ ದಿನವೇ ಅವರು ತಯಾರಿಸಿದ ಈ ಪಟ್ಟಿ.

ಆ ಮೂರು ವಾರದಲ್ಲಿ ಏನಾಯಿತು ಅಂತ ಮ್ಯಾನೇಜರ್ ಹೇಳಿದರು. ಕಕ್ಕಬೆಯಿಂದ ಬಂದ ಲೋಡುಗಳನ್ನು ಹದ ಮಾಡುವ ಕ್ಯೂರಿಂಗ್ ಶೆಡ್ಡಿನಲ್ಲಿ ಬಿಚ್ಚಿ ತೂಗಿದರೆ, ರಸೀದಿಯಲ್ಲಿ ಇದ್ದುದಕ್ಕಿಂತ ಕಾಫಿ ಕಮ್ಮಿ. ಪ್ರತಿ ಸಲವೂ ಕಮ್ಮಿ. ಸಾಫ್ಟ್‌ವೇರಿನ ವರದಿ ತೆಗೆದು ನೋಡಿದರೆ ಕಕ್ಕಬೆಯ ಯಂತ್ರದಲ್ಲಿ ದಿನಕ್ಕೆ ಎಂಟು ಸಲ, ಹತ್ತು ಸಲ ಯಾರೋ ತೂಕದ ಸೆಟ್ಟಿಂಗ್ ಬದಲಿಸಿದ್ದಾರೆ. ಯಾರೋ ಅಂದರೆ ಇನ್ಯಾರು, ಅಲ್ಲಿರುವವರೇ ಒಬ್ಬರು. ಅಕ್ಕನಿಗೆ ಮೆಮೊ ಹೋಯಿತು. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಕೆಲಸದಿಂದ ತೆಗೆಯಲಾಗುವುದು ಅಂತ ಅದರ ಕೊನೆಯ ಸಾಲು.

“ಅವರು ಏನಂತ ಉತ್ತರ ಕೊಟ್ಟರು?” ಅಂತ ಕೇಳಿದೆ.

“ಕೊಟ್ಟೇ ಇಲ್ಲ ಕಣ್ರೀ. ಅದೇ ಅಲ್ವಾ ತಪ್ಪು ಒಪ್ಕೊಂಡಂಗೆ?”

ಶುಕ್ರವಾರ ಸಹಿಯ ಗೆರೆಯ ಮೇಲೆ ‘ಪರಿಶೀಲಿಸಿಲ್ಲ, ಹೋಲಿಸಿಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದು ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟು, ಕಕ್ಕಬೆಯ ಬಸ್ಸು ಹತ್ತಿದೆ. ಹೊಟ್ಟೆಯ ಹೊಲಿಗೆ ಇನ್ನೂ ಚುರುಗುಟ್ಟುತ್ತಿತ್ತು. ಬೆಳಿಗ್ಗೆ ರೊಟ್ಟಿ ತಟ್ಟುವಾಗಲೇ ಗಂಡನಿಗೆ ಹೇಳಿದ್ದೆ. ನಮ್ಮ ಮನೆಯ ಅರೆಭಾಷೆಯಲ್ಲಿ ಅವರು ಹೇಳಿದ್ದು ಇಷ್ಟೇ: “ಎಂತಕೆ ಸುಮ್ಮನೆ ಗಲಾಟೆ? ಸಹಿ ಹಾಕಿ ಬುಡು ಮಾರಾಯ್ತಿ.” ಆ ರೊಟ್ಟಿಯನ್ನು ಬೇಕೆಂದೇ ಸ್ವಲ್ಪ ಸೀಯಿಸಿ ಅವರ ತಟ್ಟೆಗೆ ಹಾಕಿದೆ.

ಡಿಪೊದ ಮುಂದೆ ಜೀಪು ನಿಂತಿತ್ತು. ಟಾರ್ಪಾಲಿನ ಕೆಳಗಿಂದ ಚೀಲಗಳನ್ನು ಇಳಿಸುತ್ತಿದ್ದರು. ಬೇಸಿಗೆಯಲ್ಲಿ ಒಣಗಿಸಿಟ್ಟ ಕಾಫಿಯನ್ನು ಮಳೆಗಾಲದವರೆಗೆ ಅಟ್ಟದಲ್ಲಿಟ್ಟುಕೊಂಡು, ಒಂದು ದಿನ ಮನಸ್ಸು ಬಂದಾಗ ತರುವ ಜನ ಅಲ್ಲಿ ಬಹಳ. ಗೋಣಿಚೀಲ ಹೊರಗಡೆ ನೀರು ಕುಡಿದು ಕಪ್ಪಗಾಗಿರುತ್ತದೆ.

“ಎಂತ ಕುಂಞಿ, ಕಳ್ಳಿ ಹೇಗಿರ್ತಾಳೆ ಅಂತ ನೋಡ್ಲಿಕ್ಕೆ ಬಂದದ್ದಾ?” ಅಂದರು ಅಕ್ಕ. ನನಗೆ ನಲವತ್ತೇಳು, ಆದರೂ ಅವರ ಬಾಯಲ್ಲಿ ನಾನು ಕುಂಞಿ, ಮಗು. ಆ ದಿನ ಆ ಮಾತಿನಲ್ಲಿ ಪ್ರೀತಿ ಇರಲಿಲ್ಲ.

“ಉತ್ತರ ಯಾಕೆ ಬರೀಲಿಲ್ಲ ಅಕ್ಕ?”

“ಎಂತ ಬರೆಯುದು? ಕಣ್ಣಿದ್ದವರಿಗೆ ಉತ್ತರ ಅಲ್ಲೇ ಉಂಟು,” ಅಂತ ಹಿಂದಕ್ಕೆ ಕೈ ತೋರಿಸಿದರು.

ಡಿಪೊದ ಹಸಿರು ಬಣ್ಣದ ಹಲಗೆ ಬಾಗಿಲು. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಇವತ್ತಿನ ಚೀಲ’ ಅಂತ ಬರೆದು, ಕೆಳಗೆ ‘1 ಕೆಜಿ 550’.

ಇದನ್ನು ಹದಿನಾರು ವರ್ಷದಿಂದ ನೋಡುತ್ತಿದ್ದೇನೆ. ಕಕ್ಕಬೆಯಲ್ಲಿ ಪ್ರತಿ ಬೆಳಿಗ್ಗೆ, ಮೊದಲು ಬಂದ ಬೆಳೆಗಾರ ತನ್ನ ಲೋಡಿನಿಂದ ತನಗೆ ಇಷ್ಟ ಬಂದ ಒಂದು ಚೀಲ ಆರಿಸುತ್ತಾನೆ. ಅದನ್ನು ಅಲ್ಲೇ ಬರಿದು ಮಾಡಿ, ಎಲ್ಲರೂ ನೋಡುವಂತೆ ಖಾಲಿ ಚೀಲವನ್ನು ತೂಗುತ್ತಾರೆ. ಆ ಸಂಖ್ಯೆ ಬಾಗಿಲಿಗೆ ಏರುತ್ತದೆ. ಆಮೇಲೆ ಅಕ್ಕ ಅದನ್ನೇ ಕಂಪ್ಯೂಟರಿಗೆ ಕೊಡುತ್ತಾರೆ. ಆ ದಿನವೆಲ್ಲ ಪ್ರತಿ ಚೀಲದಿಂದ ಅಷ್ಟು ಕಳೆದು ಕಾಫಿಯ ತೂಕ ಬರೆಯುತ್ತಾರೆ. ಮಧ್ಯಾಹ್ನ ಯಾರಿಗಾದರೂ ಅನುಮಾನ ಬಂದರೆ ಇನ್ನೊಂದು ಚೀಲ ಬರಿದು ಮಾಡಿಸಬಹುದು. ಬೇರೆ ಡಿಪೊಗಳಲ್ಲಿ ಈ ಪದ್ಧತಿ ಇಲ್ಲ. ಬೇಕಾಗಿಯೂ ಇಲ್ಲ, ಅಲ್ಲಿ ಇಷ್ಟು ತೊಯ್ದ ಚೀಲಗಳು ಬರುವುದಿಲ್ಲ. ಅಲ್ಲೆಲ್ಲ ಚೀಲಕ್ಕೆ ಒಂದು ಕೆಜಿ ಅಂತ ನಿಗದಿ.

ನನ್ನ ಕೆಂಪು ಪುಸ್ತಕದ ಮೊದಲ ಪುಟದಲ್ಲಿ ಎಲ್ಲ ಡಿಪೊಗಳಿಗೂ ಅಂತ ಬರೆದಿದ್ದೆ: ಖಾಲಿ ಚೀಲ, ಒಂದು ಕೆಜಿ. ಕಕ್ಕಬೆಯ ಪುಟದಲ್ಲಿ ಪ್ರಿಂಟರಿನ ಬಗ್ಗೆ ಇತ್ತು, ಇನ್ವರ್ಟರಿನ ಬಗ್ಗೆ ಇತ್ತು. ಚೀಲದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬಾಗಿಲ ಮೇಲೆ ಅಂಗೈಯಗಲದ ಅಕ್ಷರದಲ್ಲಿ ದಿನಾ ಬರೆದಿರುವುದನ್ನು ಪುಸ್ತಕದಲ್ಲಿ ಬರೆಯಬೇಕು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಉಳಿದದ್ದನ್ನು ಅಕ್ಕ ಹೇಳುವ ಮೊದಲೇ ನನಗೆ ಅರ್ಥವಾಯಿತು. ಅವರು ಬೆಳಿಗ್ಗೆ ಒಂದೂವರೆ ಚಿಲ್ಲರೆ ಅಂತ ಕೊಟ್ಟರೆ, ಅರ್ಧ ಗಂಟೆಗೆ ಸಾಫ್ಟ್‌ವೇರ್ ಅದನ್ನು ಒಂದು ಕೆಜಿಗೆ ಇಳಿಸುತ್ತಿತ್ತು. ಆಗ ಪ್ರತಿ ಚೀಲದಲ್ಲೂ ಅರ್ಧ ಕೆಜಿ ನೀರುಗೋಣಿ ಕಾಫಿಯ ಲೆಕ್ಕಕ್ಕೆ ಸೇರುತ್ತಿತ್ತು. ಅಕ್ಕ ನೋಡಿ ಸರಿ ಮಾಡುತ್ತಿದ್ದರು, ಅದು ಮತ್ತೆ ಇಳಿಸುತ್ತಿತ್ತು. ಅವರು ಮತ್ತೆ ಏರಿಸುತ್ತಿದ್ದರು. ನಡುವೆ ತೂಗಿದ ಚೀಲಗಳು ತಪ್ಪಾಗಿ ಹೋಗುತ್ತಿದ್ದವು. ತಪ್ಪನ್ನು ತಿದ್ದಿದಷ್ಟು ಸಲವೂ ಅವರ ಹೆಸರಿನಲ್ಲಿ ಕೈವಾಡ ಅಂತ ದಾಖಲೆ.

“ಆಫೀಸಿಗೆ ಫೋನ್ ಮಾಡ್ಲಿಲ್ವಾ?”

“ಮೂರು ಸಲ ಮಾಡಿದೆ. ಸಿಸ್ಟಮ್ ತಾನೇ ನೋಡಿಕೊಳ್ತದೆ, ನೀವು ಮುಟ್ಟಬೇಡಿ ಅಂದ್ರು. ಮುಟ್ಟದೆ ಇರ್ಲಿಕ್ಕೆ ಆಗ್ತದಾ? ಬಾಗಿಲಲ್ಲಿ ಒಂದು, ರಸೀದಿಯಲ್ಲಿ ಇನ್ನೊಂದು! ಜನ ನನ್ನ ಮುಖ ನೋಡುದಿಲ್ವಾ?” ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ನಿನ್ನ ಪುಸ್ತಕದಲ್ಲಿ ಇದು ಇರ್ಲಿಲ್ವಾ ಕುಂಞಿ?”

“ಇರಲಿಲ್ಲ ಅಕ್ಕ. ನಾನು ಬರೆದಿರಲಿಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಪ್ಪತ್ತಾರು ವರ್ಷ ಯಾರ ಒಂದು ಕಾಳನ್ನೂ ಮುಟ್ಟದವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ನಿಂತರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹೆಚ್ಚಿನ ಪಾಲು ನನ್ನ ಮೇಲೆಯೇ.

ವಾಪಸು ಬಸ್ಸಿನಲ್ಲಿ ನಿರ್ಧಾರ ಮಾಡಿದೆ. ಇವರಿಗೆ ಹೋಲಿಕೆ ಬೇಕು ಅಲ್ಲವೇ? ಮಾಡಿಯೇ ಕೊಡುತ್ತೇನೆ. ಆದರೆ ಏರ್‌ಕಂಡೀಷನ್ ಕೋಣೆಯಲ್ಲಿ ಕೂತು ಅಲ್ಲ, ಕಕ್ಕಬೆಯ ಯಂತ್ರದ ಮೇಲೆ, ಕೊಡವರ ಕಕ್ಕಡ ತಿಂಗಳ ಜಡಿಮಳೆಯಲ್ಲಿ. ಮ್ಯಾನೇಜರ್ ಬೇಡ ಅಂದರು. “ರಜೆ ಹಾಕಿ ಹೋಗ್ತೀನಿ ಸರ್, ನನ್ನ ರಜೆ ನನ್ನಿಷ್ಟ,” ಅಂದೆ. ಹಾಕಿದೆ. ಎರಡು ವಾರ.

ನನ್ನ ಪಟ್ಟಿಯಲ್ಲಿ ಹದಿನಾಲ್ಕು ಅಂಶ ಇರಲಿಲ್ಲ, ಮೂರೇ ಪ್ರಶ್ನೆ ಇದ್ದವು. ಕರೆಂಟು ನಾಲ್ಕು ದಿನ ಹೋಗಿ ಬಂದರೆ ಏನು ಮಾಡುತ್ತೀ? ಇಂಟರ್‌ನೆಟ್ ಇಲ್ಲದಿದ್ದರೆ ಏನು ಮಾಡುತ್ತೀ? ಒಂದು ಸೆಟ್ಟಿಂಗ್ ನಿನ್ನದಲ್ಲ, ಬಾಗಿಲ ಬಳಿ ನಿಂತವರದು ಅಂತ ಹೇಳಿದರೆ ಕೇಳುತ್ತೀಯಾ?

ಮೊದಲನೆಯದು, ಸಲಹೆಗಾರರ ಮೆಚ್ಚಿನದು. ಪ್ರತಿ ಕಂಪ್ಯೂಟರಿನಲ್ಲೂ ತನ್ನದೊಂದು ಕಾವಲುಗಾರನನ್ನು ಕೂರಿಸುತ್ತದೆ, ಅವನು ಅರ್ಧ ಗಂಟೆಗೊಮ್ಮೆ ಕಚೇರಿಯನ್ನು ಕೇಳಿ ಬರುತ್ತಾನೆ. ನಾನು ಅದರ ಮೇಲೆ ಹಲ್ಲು ಮಸೆಯುತ್ತಿದ್ದರೂ ಸತ್ಯ ಹೇಳಬೇಕು: ಕುಟ್ಟದಲ್ಲಿ ಅದು ಚಿನ್ನ. ಅಲ್ಲಿ ತೂಕದ ಲೆಕ್ಕ ಬರೆಯುವ ಮಲಯಾಳಿ ರೈಟರ್ ಫೋನಿನಲ್ಲಿ “ಚೇಚಿ, ಇದು ತೆಗೀಬೇಡಿ, ನನಗೆ ಈಗ ಒಂದು ತಲೆಬಿಸಿ ಇಲ್ಲ,” ಅಂದರು. ಆದರೆ ಕಕ್ಕಬೆಯಲ್ಲಿ ಕರೆಂಟು ನಾಲ್ಕು ದಿನ ಹೋಗಿ ಬಂದಾಗ, ಬಾಕಿ ಬಿದ್ದ ಬದಲಾವಣೆಗಳನ್ನೆಲ್ಲ ಅದು ಒಟ್ಟಿಗೆ ಎಳೆದುಕೊಂಡು ಕೂತಿತು. ಹೊರಗೆ ಎರಡು ಜೀಪು ಕಾಯುತ್ತಿದ್ದವು, ಒಳಗೆ ತೂಕದ ಯಂತ್ರ ಮುಕ್ಕಾಲು ಗಂಟೆ ಮಿಸುಕಲಿಲ್ಲ. ಚೀಲದ ತೂಕ ಬಿಟ್ಟುಬಿಡು ಅಂತ ಬರೆದು ಕೊಟ್ಟರೆ ಬಿಟ್ಟಿತು. ಅಂದರೆ ಅದರ ತಪ್ಪಲ್ಲ. ಹೇಳಿದ್ದನ್ನು ಮಾಡುವಂಥದ್ದು, ಯಾರೂ ಹೇಳಿರಲಿಲ್ಲ.

ಎರಡನೆಯದು ಭಾರೀ ಬುದ್ಧಿವಂತ. ಸಾವಿರ ಯಂತ್ರಗಳಿರುವ ಕಂಪನಿಗೆ ಹೇಳಿ ಮಾಡಿಸಿದ್ದು. ಒಂದು ಸಣ್ಣ ಬದಲಾವಣೆ ಬರೆಯಲು ಅದರದೇ ಒಂದು ಭಾಷೆ ಕಲಿಯಬೇಕು. ನಾಲ್ಕು ದಿನ ಕಲಿತೆ. ನಾಳೆ ನಾನು ಮತ್ತೆ ಮಲಗಿದರೆ ಕಚೇರಿಯಲ್ಲಿ ಅದನ್ನು ಓದುವವರೇ ಇಲ್ಲ ಅನ್ನುವುದು ಐದನೆಯ ದಿನ ಹೊಳೆಯಿತು. ಅಲ್ಲಿಗೆ ಬಿಟ್ಟೆ.

ಮೂರನೆಯದು ಡಿಪೊಗಳಲ್ಲಿ ಯಾರನ್ನೂ ಕೂರಿಸುವುದಿಲ್ಲ. ನಾನು ಹೇಳಿದಾಗ ಮಾತ್ರ ನನ್ನ ಮೇಜಿನಿಂದ ಹೋಗಿ, ಮಾಡಿ, ಬರುತ್ತದೆ. ಬರೆಯುವ ಕಡತವೋ ಸಾಮಾನು ಚೀಟಿಯಷ್ಟು ಸರಳ, ಯಾರು ಬೇಕಾದರೂ ಓದಬಹುದು. ದೋಷವೂ ಇದೆ. ನಾನು ಕಳಿಸುವ ಹೊತ್ತಿಗೆ ಕಕ್ಕಬೆಯಲ್ಲಿ ಕರೆಂಟೋ ಇಂಟರ್‌ನೆಟ್ಟೋ ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮತ್ತೆ ಕಳಿಸುವುದು ನನ್ನ ನೆನಪಿಗೆ ಬಿಟ್ಟದ್ದು. ನಡುವೆ ಯಾರಾದರೂ ಏನಾದರೂ ಕೆಡಿಸಿದರೆ ನೋಡುವವರಿಲ್ಲ.

ಒಂದು ದಿನ ಸಲಹೆಗಾರರೂ ಬಂದರು. ಬರುವುದಿಲ್ಲ ಅಂದಿದ್ದವರು ನಾನು ಕಳಿಸಿದ ವರದಿ ನೋಡಿ ಬಂದರು. ಎರಡು ಜಿಗಣೆಗಳನ್ನು ಕಾಲ್ಚೀಲದಿಂದ ಕಿತ್ತು, ಬಾಗಿಲ ಮುಂದೆ ನಿಂತು ಬಹಳ ಹೊತ್ತು ಆ ಸಂಖ್ಯೆ ನೋಡಿದರು. “ಇದು ನೀವು ಕೊಟ್ಟ ರಿಕ್ವೈರ್‌ಮೆಂಟ್‌ನಲ್ಲಿ ಇರಲಿಲ್ಲ ಮೇಡಂ,” ಅಂದರು.

“ಇರಲಿಲ್ಲ,” ಅಂದೆ. “ಆ ತಪ್ಪು ನನ್ನದು. ಆದರೆ ಒಂದೇ ಡಿಪೊದಲ್ಲಿ ದಿನಕ್ಕೆ ಹತ್ತು ಸಲ ಒಂದೇ ಸೆಟ್ಟಿಂಗ್ ಬದಲಾಗ್ತಿದೆ ಅಂತ ನಿಮ್ಮ ವರದಿಯೇ ಹೇಳಿತಲ್ಲ? ಆಗ ಯಾಕೆ ಅಂತ ಕೇಳದೆ ಕಳ್ಳತನ ಅಂತ ಬರೆದದ್ದು ಯಾರ ತಪ್ಪು?”

ಅಕ್ಕ ಒಳಗಿನಿಂದ, ಕಕ್ಕಡದಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸ ತಂದು ಸಲಹೆಗಾರರಿಗೆ ಕೊಟ್ಟರು. ನೇರಳೆ ಬಣ್ಣ ನೋಡಿ ಹೆದರಿದರೂ ಕುಡಿದರು. ಮನುಷ್ಯ ಕೆಟ್ಟವರಲ್ಲ ಅಂತ ಆಗ ಅನ್ನಿಸಿತು.

ರಜೆ ಮುಗಿಸಿ ಬಂದು ಕಚೇರಿಯ ಮೀಟಿಂಗಿನಲ್ಲಿ ನನ್ನ ವರದಿ ಇಟ್ಟೆ. ಕುಟ್ಟ, ಶ್ರೀಮಂಗಲದಂಥ ಕರೆಂಟೂ ಇಂಟರ್‌ನೆಟ್ಟೂ ಚೆನ್ನಾಗಿರುವ ಡಿಪೊಗಳಿಗೂ ಸೇರಿ, ಯಾರು ಬೇಕಾದರೂ ಓದಬಲ್ಲ ಮೂರನೆಯದೇ ಸಾಕು, ಅದರ ದೋಷಗಳು ಇವು, ಅಂತ ದೋಷಗಳನ್ನೇ ಮೊದಲು ಬರೆದಿದ್ದೆ. ಕುಟ್ಟದ ರೈಟರ್‌ಗೆ ಇದರಿಂದ ಬೇಸರವಾಗುತ್ತದೆ ಅನ್ನುವುದನ್ನೂ ಬರೆದಿದ್ದೆ. ಆಶ್ಚರ್ಯ ಅಂದರೆ ಸಾಫ್ಟ್‌ವೇರಿನ ವಿಷಯದಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ. ಸಲಹೆಗಾರರೇ “ಈ ಜಾಗಕ್ಕೆ ಇದೇ ಸರಿ,” ಅಂದುಬಿಟ್ಟರು. ಜಗಳ ಆದದ್ದು ಎರಡನೆಯ ಪುಟಕ್ಕೆ. ಅದರಲ್ಲಿ ನಾನು ಬರೆದಿದ್ದೆ: ಕಕ್ಕಬೆಯ ಕೊರತೆಗೆ ಕಾರಣ ನಾನು ಬರೆಯದೆ ಬಿಟ್ಟ ಒಂದು ಸಾಲು. ಅಲ್ಲಿನ ಸಿಬ್ಬಂದಿ ತಿದ್ದಿದ್ದರಿಂದಲೇ ನಷ್ಟ ಇಷ್ಟಕ್ಕೆ ನಿಂತಿದೆ. ಅವರಿಗೆ ಕೊಟ್ಟ ಮೆಮೊ ತಪ್ಪು.

“ಏನ್ ಮೇಡಂ, ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕ್ಕೊಂಡ್ರೆ ಹೆಂಗೆ?” ಅಂದರು ಮ್ಯಾನೇಜರ್. “ಈ ಪುಟ ಬೇಡ. ನಾನು ಆ ಮೆಮೊ ಹರಿದು ಬಿಸಾಕ್ತೀನಿ. ಹದಿನಾಲ್ಕನೇ ಸಾಲನ್ನೂ ತೆಗೀತೀನಿ. ಎಲ್ಲಾರ್ಗೂ ಒಳ್ಳೇದು.”

ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಆಸೆಯಾಯಿತು. ಹರಿದುಹಾಕಿದರೆ ನನ್ನ ತಪ್ಪೂ ಅದರ ಜೊತೆಗೇ ಕಸದ ಬುಟ್ಟಿಗೆ ಹೋಗುತ್ತಿತ್ತು. ಆದರೆ ಮೆಮೊ ನನ್ನದಾಗಿರಲಿಲ್ಲ. ಅಲ್ಲೇ ಅಕ್ಕನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. ಮ್ಯಾನೇಜರ್ ತಾವೇ ಹೇಳಿದರು, ಮೆಮೊ ಹರಿದುಹಾಕುತ್ತೇವೆ ಅಂತ.

ಆ ಕಡೆಯಿಂದ ತೂಕದ ಯಂತ್ರದ ಮೇಲೆ ಚೀಲ ಬಿದ್ದ ಸದ್ದು ಕೇಳಿತು. ಆಮೇಲೆ ಅಕ್ಕನ ದನಿ:

“ಹರಿಯುದು ಬೇಡ ಸರ್. ನನ್ನ ಫೈಲಿಂದ ಅದು ತೆಗೆದ್ರೆ, ಏನೋ ಇತ್ತು, ಮುಚ್ಚಿ ಹಾಕಿದ್ರು ಅಂತ ಜನ ಹೇಳ್ತಾರೆ. ಮೆಮೊ ಅಲ್ಲೇ ಇರ್ಲಿ. ಅದರ ಕೆಳಗೆ, ಇದು ತಪ್ಪು ಅಂತ ನೀವೇ ಬರೆದು ಸಹಿ ಹಾಕಿ. ಈಗ ಇಡ್ತೇನೆ, ಜನ ಕಾಯ್ತಾ ಇದ್ದಾರೆ.”

ಫೋನು ಕಟ್ಟಾಯಿತು. ಮ್ಯಾನೇಜರ್ ಕಾಗದ ಮಡಚಿಕೊಂಡು ಎದ್ದುಹೋದರು. ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ಮೆಮೊದ ಕೆಳಗೆ ಎರಡು ಸಾಲು ಬರೆದು ಸಹಿ ಹಾಕಿದರು. ನನ್ನ ಪಾಲಿಗೆ ಒಂದು ಮೆಮೊ ಬಂತು, ನಿರ್ಲಕ್ಷ್ಯ ಅಂತ. ಅದನ್ನು ತೆಗೆದುಕೊಂಡೆ, ಉತ್ತರವಾಗಿ ‘ಹೌದು’ ಅಂತ ಒಂದೇ ಪದ ಬರೆದು ಕೊಟ್ಟೆ.

ಈಗ ಹನ್ನೊಂದು ಡಿಪೊಗಳ ಕಡತಗಳು ಮೂರನೆಯ ಸಾಫ್ಟ್‌ವೇರಿನಲ್ಲಿವೆ. ಕಕ್ಕಬೆಯ ಕಡತದ ಮೊದಲ ಸಾಲುಗಳನ್ನು ಯಂತ್ರ ಓದುವುದಿಲ್ಲ, ಅವು ಮನುಷ್ಯರಿಗಾಗಿ. ಅಲ್ಲಿ ಕನ್ನಡದಲ್ಲಿ ಹೀಗೆ ಬರೆದಿದ್ದೇನೆ: ‘ಚೀಲದ ತೂಕವನ್ನು ಇಲ್ಲಿಂದ ಬದಲಿಸಬಾರದು. ಆ ದಿನ ಬೆಳಿಗ್ಗೆ ತೂಗಿ ಬಾಗಿಲ ಮೇಲೆ ಬರೆದದ್ದೇ ಸರಿ. ಇದನ್ನು ಮೊದಲು ಬರೆಯದೆ ಒಬ್ಬರ ಮೇಲೆ ಸುಳ್ಳು ಆರೋಪ ಬರಲು ಕಾರಣವಾದ ತಪ್ಪು ನನ್ನದು.’ ಕೆಳಗೆ ನನ್ನ ಪೂರ್ತಿ ಹೆಸರು.

ಮೊನ್ನೆ ಹೊರಗಿನಿಂದ ತಪಾಸಣೆಯವರು ಬರುವ ಸುದ್ದಿ ಬಂದಾಗ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು. “ಮೇಡಂ, ಆ ಕೊನೇ ವಾಕ್ಯ ಒಂದು ಅಳಿಸಿಬಿಡಿ. ಸುಳ್ಳು ಆರೋಪ ಗಿರೋಪ ಅಂತೆಲ್ಲ ಯಾಕೆ?”

ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದು ನಿಂತೆ. ಕೀಬೋರ್ಡನ್ನು ಅವರ ಕಡೆಗೆ ತಿರುಗಿಸಿದೆ.

“ನಾನು ಅಳಿಸೋದಿಲ್ಲ. ನೀವು ಅಳಿಸಿ ಸರ್. ಆದರೆ ಇದರಲ್ಲಿ ಯಾವ ಸಾಲನ್ನು ಯಾರು, ಯಾವ ದಿನ ಅಳಿಸಿದರು ಅನ್ನೋದು ಹಾಗೇ ಉಳೀತದೆ. ನಿಮ್ಮ ಪಾಸ್‌ವರ್ಡ್ ಹಾಕಿ, ನಿಮ್ಮ ಹೆಸರಲ್ಲೇ ಅಳಿಸಿ.”

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಕೀಬೋರ್ಡಿನ ಮೇಲಿಟ್ಟ ಕೈಯನ್ನು ನಿಧಾನಕ್ಕೆ ಎತ್ತಿ ಜೇಬಿಗೆ ಹಾಕಿಕೊಂಡು ಹೋದರು. ಆ ವಾಕ್ಯ ಇವತ್ತಿಗೂ ಅಲ್ಲೇ ಇದೆ.